ವೈನಿಗೆ, ಮತ್ತು ನಿಮ್ಮೆಲ್ಲರಿಗೆ

ಆತ್ಮೀಯರಿಗೆಲ್ಲ ನಮಸ್ಕಾರ.

ನಾನು ವೃತ್ತಿಪರ ಫುಟ್‌ಬಾಲ್ ಬಿಡುತ್ತಿದ್ದೇನೆಂಬ ಸುದ್ದಿ ತಿಳಿದಾಗಿನಿಂದ ವಾಸ್ಕೊ, ಮಡಗಾಂವ, ಮುಂಬೈ, ಪುಣೆ, ಹುಬ್ಬಳ್ಳಿ, ಕೊಪ್ಪಳ ಎಲ್ಲ ಕಡೆಯಿಂದಲೂ ನಿಮ್ಮ ಕರೆಗಳು, ಸಂದೇಶಗಳು ಬರುತ್ತಲೇ ಇವೆ. ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಬರೆಯುವುದು ನನ್ನಿಂದ ಆಗದ ಕೆಲಸವೆಂದು ಎಲ್ಲರಿಗೂ ಸೇರಿಸಿ ಇದನ್ನು ಬರೆಯುತ್ತಿದ್ದೇನೆ. ಮೊಣಕಾಲಿನ ಕಥೆ, ಕಡೆಯ ಎರಡು ಋತುಗಳಲ್ಲಿ ನಡೆದದ್ದು, ಒಪ್ಪಂದ ಎಲ್ಲಿಗೆ ಬಂದು ನಿಂತಿತು ಎಂಬುದು ನಿಮಗೆ ಗೊತ್ತೇ ಇರುವುದರಿಂದ ಅದನ್ನು ಮತ್ತೆ ಹೇಳುವುದಿಲ್ಲ. ನಿಮ್ಮಲ್ಲಿ ಬಹಳ ಜನ ನನ್ನ ಪರಿಶ್ರಮವನ್ನು ಮೆಚ್ಚಿ ಬರೆದಿದ್ದೀರಿ. ಆ ಪ್ರೀತಿಗೆ ನಾನು ಋಣಿ. ಆದರೆ ನಾನು ಮೈದಾನದಲ್ಲಿದ್ದ ಅಷ್ಟೂ ವರ್ಷ ಮನೆಯಲ್ಲಿ ಮಗನಾಗಿ, ತಮ್ಮನಾಗಿ, ಗಂಡನಾಗಿ ನಾನು ಮಾಡಬೇಕಾಗಿದ್ದ ಕೆಲಸಗಳನ್ನು ಬೇರೆಯವರು ಮಾಡಿದ್ದಾರೆ. ಅವರ ವಿಷಯ ಎಲ್ಲೂ ಅಚ್ಚಾಗಿಲ್ಲ. ಈ ಬರಹ ಮುಖ್ಯವಾಗಿ ಅವರಿಗಾಗಿ, ಅದರಲ್ಲೂ ಒಬ್ಬರಿಗಾಗಿ: ನಾವು ವೈನಿ ಎಂದು ಕರೆಯುವ ನನ್ನ ಅತ್ತಿಗೆಗಾಗಿ.

ವಾಸ್ಕೊದ ಬೈನಾದ ಓಣಿಯಲ್ಲಿ ನನ್ನನ್ನು ತಮ್ಮ ಜೊತೆ ಆಡಲು ಬಿಟ್ಟ ದೊಡ್ಡ ಹುಡುಗರಿಗೆ, ಶುಲ್ಕ ತಡವಾದರೂ ಒಮ್ಮೆಯೂ ತರಗತಿಯಿಂದ ಹೊರಗೆ ನಿಲ್ಲಿಸದ ಕನ್ನಡ ಶಾಲೆಯ ಗುರುಗಳಿಗೆ, ಜಮ್ಶೆಡ್‌ಪುರದ ಅಕಾಡೆಮಿಯ ತರಬೇತುದಾರರಿಗೆ, ಜೊತೆಯಲ್ಲಿ ಆಡಿದ ಎಲ್ಲರಿಗೂ, ಫಿಜಿಯೋಗಳಿಗೆ, ನಮಗಿಂತ ಮೊದಲು ಎದ್ದು ನಮಗಿಂತ ಕೊನೆಗೆ ಮಲಗುವ ಕಿಟ್ ವಿಭಾಗದ ಅಣ್ಣಂದಿರಿಗೆ, ವಾಸ್ಕೊದ ಕನ್ನಡ ಸಂಘದ ಹಿರಿಯರಿಗೆ ನನ್ನ ಹೃತ್ಪೂರ್ವಕ ನಮಸ್ಕಾರಗಳು. ಒಂದು ಪಂದ್ಯದಲ್ಲಿ ಸ್ಟ್ಯಾಂಡಿನಿಂದ ನನ್ನತ್ತ, ಘಟ್ಟದ ಮೇಲಿನಿಂದ ಬಂದವರನ್ನು ಹೀಯಾಳಿಸುವ ‘ಘಾಟಿ, ಘಾಟಿ’ ಎಂಬ ಮಾತು ಕೂಗುತ್ತಿದ್ದವರನ್ನು ಎದ್ದು ನಿಂತು ಕೊಂಕಣಿಯಲ್ಲಿ ಬೈದು ಸುಮ್ಮನಾಗಿಸಿದ, ನಮ್ಮ ಗೋಲ್‌ಕೀಪರನ ತಾಯಿಯವರಿಗೂ ನನ್ನ ನಮಸ್ಕಾರ. ಆ ಪಂದ್ಯದ ಅಂತಿಮ ಅಂಕ ನನಗೆ ಮರೆತಿದೆ, ಅವರ ದನಿ ಮರೆತಿಲ್ಲ.

ಫುಟ್‌ಬಾಲ್ ಆಟಗಾರರ ಮನೆತನದ ಬಗ್ಗೆ ಓದುವಾಗ ಸಾಮಾನ್ಯವಾಗಿ ತಾಯಿ ಇರುತ್ತಾರೆ, ತಂದೆ ಇರುತ್ತಾರೆ. ಸುನಿಲ್ ಛೆಟ್ರಿಯವರ ತಂದೆ ಭಾರತೀಯ ಸೇನೆಯಲ್ಲಿದ್ದವರು, ತಾಯಿ ಮತ್ತು ಅವರ ಅವಳಿ ಸಹೋದರಿ ನೇಪಾಳದ ಮಹಿಳಾ ತಂಡಕ್ಕೆ ಆಡಿದವರು. ಅರ್ಜೆಂಟೀನಾದ ಆಂಖೆಲ್ ದಿ ಮರಿಯಾ ಅವರ ತಂದೆ ಇದ್ದಿಲಿನ ಕೆಲಸ ಮಾಡುತ್ತಿದ್ದರೆ, ತಾಯಿ ಮಗನನ್ನು ಸೈಕಲ್ಲಿನಲ್ಲಿ ಕೂರಿಸಿಕೊಂಡು ರೊಸಾರಿಯೊ ಊರಿನಲ್ಲಿ ಅಭ್ಯಾಸಕ್ಕೆ ಕರೆದೊಯ್ಯುತ್ತಿದ್ದರು. ಇವೆಲ್ಲ ನಾನು ಗೌರವದಿಂದ ಓದಿಕೊಂಡ ಸಂಗತಿಗಳು. ಆದರೆ ಅಣ್ಣನ ಹೆಂಡತಿಯ ಕುರಿತು ಯಾವ ಪತ್ರಕರ್ತರೂ ನನ್ನನ್ನು ಕೇಳಿದ್ದಿಲ್ಲ. ಗಂಡಸರು ದುಡಿಯಲು ದೂರ ಹೋಗುವ ನಮ್ಮಂಥ ಮನೆಗಳಲ್ಲಿ ಅವಳೇ ಮನೆಯ ಕೀಲಿಕೈ ಹಿಡಿದವಳು ಎಂಬುದು ಉತ್ತರ ಕರ್ನಾಟಕದ ಯಾರಿಗಾದರೂ ಗೊತ್ತು.

ನಮ್ಮ ಮನೆಯಲ್ಲಿ ಫುಟ್‌ಬಾಲ್ ಇರಲಿಲ್ಲ. ಅಪ್ಪ ಕೊಪ್ಪಳದ ಕಡೆಯ ಹಳ್ಳಿಯವರು. ಮಳೆ ಕೈಕೊಟ್ಟ ವರ್ಷಗಳ ಬೆನ್ನಿಗೆ, ಎಂಬತ್ತರ ದಶಕದ ಮೊದಲಲ್ಲಿ, ಹುಬ್ಬಳ್ಳಿ, ಲೋಂಡಾ, ಕ್ಯಾಸಲ್‌ರಾಕ್ ದಾಟಿ ದೂಧ್‌ಸಾಗರದ ಮಗ್ಗುಲಲ್ಲಿ ಘಟ್ಟ ಇಳಿಯುವ ರೈಲಿನಲ್ಲಿ ವಾಸ್ಕೊಗೆ ಬಂದರು. ಹೊಸಪೇಟೆಯ ಕಬ್ಬಿಣದ ಅದಿರು ಮುರ್ಮಗೋವಾ ಬಂದರಿಗೆ ಬರುತ್ತಿದ್ದುದೂ ಅದೇ ಹಳಿಯ ಮೇಲೆ. ತಮ್ಮ ಸೀಮೆಯ ಮಣ್ಣನ್ನೇ ಪರಊರಿನ ಯಾರ್ಡಿನಲ್ಲಿ ವ್ಯಾಗನ್ನಿನಿಂದ ಇಳಿಸುವ ಗುತ್ತಿಗೆ ಕೂಲಿ ಅವರಿಗೆ ಸಿಕ್ಕಿತು. ಸಂಜೆ ಮನೆಗೆ ಬಂದಾಗ ಅವರ ಕಿವಿಯ ಹಿಂಬದಿಯವರೆಗೂ ಕೆಂಧೂಳಿ ಕೂತಿರುತ್ತಿತ್ತು. ಅವ್ವ ಬಚ್ಚಲಲ್ಲಿ ನೀರು ಹಾಕಿದರೆ ಹರಿದು ಹೋಗುವ ನೀರು ಬಹಳ ಹೊತ್ತು ಕೆಂಪಾಗಿಯೇ ಇರುತ್ತಿತ್ತು. ನಾನು ಹುಟ್ಟಿದ್ದು 1990ರಲ್ಲಿ, ವಾಸ್ಕೊದಲ್ಲೇ. ಊರಿನ ಹುಡುಗರೆಲ್ಲ ತಿಲಕ್ ಮೈದಾನದ ಗೋಡೆಯ ಹೊರಗೆ ನಿಂತು ಒಳಗಿನ ಕೂಗು ಕೇಳಿಸಿಕೊಂಡು ಬೆಳೆದವರು. ನಾನೂ ಹಾಗೆಯೇ ಬೆಳೆದೆ.

ಗೋವಾದ ಹಳೆಯ ಕ್ಲಬ್ಬುಗಳಲ್ಲಿ ಹೆಸರಾದ ಕೆಲವನ್ನು ಕಟ್ಟಿ ಬೆಳೆಸಿದವರು ಅದಿರಿನ ವ್ಯಾಪಾರದ ಮನೆತನದವರು. ಅಪ್ಪನ ಕೂಲಿಯೂ ನನ್ನ ಮೊದಲ ಸಂಬಳವೂ ಒಂದೇ ಮಣ್ಣಿನಿಂದ ಬಂದವೆಂದು ನಾನು ತಿಳಿದುಕೊಂಡದ್ದು ಬಹಳ ತಡವಾಗಿ, ಎರಡಕ್ಕೂ ಒಟ್ಟಿಗೆ ಪೆಟ್ಟು ಬಿದ್ದಾಗ. 2010ರಲ್ಲಿ ಕರ್ನಾಟಕ ಸರ್ಕಾರ ಅದಿರು ರಫ್ತನ್ನು ನಿಲ್ಲಿಸಿತು. 2012ರಲ್ಲಿ ಗೋವಾದ ಗಣಿಗಾರಿಕೆಯೂ ನಿಂತಿತು. 2016ರಲ್ಲಿ ಗೋವಾದ ಮೂರು ಹಳೆಯ ಕ್ಲಬ್ಬುಗಳು ದೇಶಮಟ್ಟದ ಫುಟ್‌ಬಾಲ್ ಲೀಗ್ ಆದ ಐ-ಲೀಗ್‌ನಿಂದ ಹಿಂದೆ ಸರಿದವು, ನನ್ನ ವಯಸ್ಸಿನ ಎಷ್ಟೋ ಸ್ಥಳೀಯ ಆಟಗಾರರು ಕೆಲಸವಿಲ್ಲದೆ ಕೂತರು. ಈ ಎರಡು ಕಾಲದಲ್ಲಿ ನಮ್ಮ ಮನೆ ಹೇಗೆ ನಡೆಯಿತೆಂಬುದು ನನಗೆ ಗೊತ್ತಿತ್ತು ಎಂದುಕೊಂಡಿದ್ದೆ. ನಿಜಕ್ಕೂ ಗೊತ್ತಾದದ್ದು ಮುಂದೆ ಹೇಳುವ ಆ ರಾತ್ರಿ.

ಅತ್ತಿಗೆ ನಮ್ಮ ಮನೆಗೆ ಬಂದದ್ದು 2004ರಲ್ಲಿ, ಗದಗಿನ ಕಡೆಯಿಂದ. ನಾವೆಲ್ಲ ಅವರನ್ನು ಕರೆಯುವುದು ವೈನಿ ಎಂದೇ. ಆಗ ನನಗೆ ಹದಿನಾಲ್ಕು. ಮದುವೆಯ ಅರಿಸಿನ ಇನ್ನೂ ಆರದ ಕೈಯಲ್ಲಿ ಅವರು ಮೊದಲ ಮಳೆಗಾಲಕ್ಕೇ ನನ್ನ ಬೂಟಿನ ಕೆಲಸವನ್ನು ತಾವಾಗಿ ವಹಿಸಿಕೊಂಡರು. ಗೋವಾದ ಮಳೆಯಲ್ಲಿ ಒಮ್ಮೆ ತೊಯ್ದ ಬೂಟು ವಾರಗಟ್ಟಲೆ ಒಣಗುವುದಿಲ್ಲ, ನನಗಿದ್ದದ್ದು ಒಂದೇ ಜೊತೆ. ಅವರು ಚಮಚದ ಹಿಡಿಯಿಂದ ಬೂಟಿನಡಿಯ ಸ್ಟಡ್‌ಗಳ ನಡುವಿನ ಕೆಂಪು ಮಣ್ಣನ್ನು ಕೆರೆದು ತೆಗೆದು, ಹಳೆಯ ಪತ್ರಿಕೆಯ ಹಾಳೆಗಳನ್ನು ಉಂಡೆ ಮಾಡಿ ಬೂಟಿನ ಮೂತಿಯವರೆಗೂ ತುರುಕಿ, ಒಲೆಯಿಂದ ಒಂದು ಮೊಳ ದೂರದಲ್ಲಿ ಗೋಡೆಗೆ ಒರಗಿಸಿ ಇಡುತ್ತಿದ್ದರು. ಇನ್ನೂ ಹತ್ತಿರ ಇಟ್ಟರೆ ಅಂಟು ಬಿಡುತ್ತದೆ ಎಂಬುದನ್ನು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನಡುರಾತ್ರಿಯಲ್ಲಿ ಎದ್ದು, ನೀರು ಕುಡಿದ ಕಾಗದ ತೆಗೆದು ಒಣಗಿದ ಕಾಗದ ತುಂಬುತ್ತಿದ್ದರು. ಬೆಳಿಗ್ಗೆ ಬೂಟು ಬೆಚ್ಚಗಿರುತ್ತಿತ್ತು. ಮರುವರ್ಷ ಜಮ್ಶೆಡ್‌ಪುರಕ್ಕೆ ಹೋದ ಮೇಲೆ ಅಲ್ಲಿನ ಹುಡುಗರಿಗೆಲ್ಲ ನಾನು ಈ ವಿದ್ಯೆ ಕಲಿಸಿದೆ.

ಹದಿನೈದರ ಹುಡುಗ ಮನೆ ಬಿಟ್ಟು ಅಕಾಡೆಮಿಗೆ ಹೋದರೆ ಅವನಿಗೂ ಮನೆಗೂ ನಡುವೆ ಉಳಿಯುವುದು ಫೋನು ಮಾತ್ರ. ಮನೆಯವರು ಫೋನಿನಲ್ಲಿ ಒಳ್ಳೆಯದನ್ನಷ್ಟೇ ಹೇಳುತ್ತಾರೆ. ಅಲ್ಲಿಂದ ಮುಂದೆ ಕ್ಲಬ್ಬು, ವರ್ಷ ವರ್ಷಕ್ಕೂ ಒಪ್ಪಂದ, ಮೇ ತಿಂಗಳು ಬಂದರೆ ಮುಂದೇನು ಎಂಬ ಚಿಂತೆ, ಹೊಸ ಊರು, ಹೊಸ ಬಾಡಿಗೆ ಮನೆ. ಹಬ್ಬಕ್ಕೆ ಪಂದ್ಯವಿರುತ್ತದೆ, ಮದುವೆಗೆ ಶಿಬಿರವಿರುತ್ತದೆ. ಅಜ್ಜಿಯ ಮಣ್ಣಿಗೆ ನಾನು ಇರಲಿಲ್ಲ. ಅಕ್ಕನ ಮಗನ ಜವಳಕ್ಕೆ ಇರಲಿಲ್ಲ. ಅಣ್ಣ ಕುವೈತಿಗೆ ದುಡಿಯಲು ಹೊರಟ ದಿನ ವಿಮಾನ ನಿಲ್ದಾಣಕ್ಕೆ ಬಂದು ಬೀಳ್ಕೊಡಲಿಲ್ಲ. ಈ ಎಲ್ಲ ದಿನಗಳಲ್ಲಿ ನನ್ನ ಪರವಾಗಿ ನಿಂತವರು, ನನ್ನ ಹೆಸರಿನಲ್ಲಿ ಆಹೇರಿ ಮಾಡಿದವರು, ‘ಅವಗ ಆಟ ಐತ್ರಿ, ಬ್ಯಾಸರ ಮಾಡ್ಕೋಬ್ಯಾಡ್ರಿ’ ಎಂದು ಬಂಧುಗಳಿಗೆ ಸಮಾಧಾನ ಹೇಳಿದವರು ಅತ್ತಿಗೆ.

ಈಗ ಆ ರಾತ್ರಿಯ ವಿಚಾರ. 2020-21ರ ಇಂಡಿಯನ್ ಸೂಪರ್ ಲೀಗ್ ಇಡಿಯಾಗಿ ಗೋವಾದಲ್ಲೇ ನಡೆದದ್ದು ನಿಮಗೆ ನೆನಪಿರಬಹುದು. ಕೊರೋನಾದ ಕಾರಣ ಫತೋರ್ಡಾ, ಬಾಂಬೋಳಿಂ, ವಾಸ್ಕೊದ ತಿಲಕ್ ಮೈದಾನ, ಈ ಮೂರೇ ಕಡೆ, ಪ್ರೇಕ್ಷಕರಿಲ್ಲದೆ ಪಂದ್ಯಗಳು. ತಂಡಗಳೆಲ್ಲ ಹೋಟೆಲುಗಳಲ್ಲಿ, ಹೊರಗಿನವರ ಸಂಪರ್ಕವಿಲ್ಲದ ಬಯೋ ಬಬಲ್ ಒಳಗೆ. ದೇಶದ ಬೇರೆ ಮೂಲೆಗಳಿಂದ ಬಂದ ಆಟಗಾರರಿಗೆ ಮನೆ ದೂರವಿತ್ತು. ನನಗೆ ಮನೆ ಅದೇ ಊರಿನಲ್ಲಿತ್ತು, ಆದರೂ ಹೋಗುವಂತಿರಲಿಲ್ಲ. ತಿಲಕ್ ಮೈದಾನದಲ್ಲಿ ಪಂದ್ಯವಿದ್ದ ಸಂಜೆ ನಮ್ಮ ಬಸ್ಸು ವಾಸ್ಕೊದೊಳಗೆ ಬರುವ ಹೊತ್ತಿಗೆ ಅವ್ವ ರಸ್ತೆಯ ಬದಿಗೆ ಬಂದು ನಿಂತಿರುತ್ತಿದ್ದಳು. ಯಾವ ಕಿಟಕಿಯಲ್ಲಿ ನಾನಿದ್ದೇನೆಂದು ಅವಳಿಗೆ ಕಾಣುತ್ತಿರಲಿಲ್ಲ, ಎಲ್ಲ ಕಿಟಕಿಗಳಿಗೂ ಕೈ ಬೀಸುತ್ತಿದ್ದಳು. ನನ್ನ ಹೆಂಡತಿ ಬಾಣಂತನಕ್ಕೆ ಹುಬ್ಬಳ್ಳಿಯ ತವರಿನಲ್ಲಿದ್ದಳು. ಅಣ್ಣ ಕುವೈತಿನಲ್ಲಿ. ಮನೆಯಲ್ಲಿದ್ದವರು ಅಪ್ಪ, ಅವ್ವ, ಅತ್ತಿಗೆ, ಅವರ ಮಗಳು.

ಜನವರಿಯ ಆ ದಿನ ಅಪ್ಪನಿಗೆ ಏನಾಯಿತು ಎಂಬುದು ಹತ್ತಿರದವರಿಗೆಲ್ಲ ಗೊತ್ತಿದೆ. ಅವರನ್ನು ಬಾಂಬೋಳಿಂನ ದೊಡ್ಡಾಸ್ಪತ್ರೆಗೆ ಸೇರಿಸಿದ ಹೊತ್ತಿನಲ್ಲಿ ನಾನೂ ಬಾಂಬೋಳಿಂನಲ್ಲೇ ಇದ್ದೆ. ಆ ಸಂಜೆಯ ನಮ್ಮ ಪಂದ್ಯ ಅಲ್ಲೇ ಹತ್ತಿರದ ಕ್ರೀಡಾಂಗಣದಲ್ಲಿತ್ತು. ಡ್ರೆಸ್ಸಿಂಗ್ ರೂಮಿಗೆ ಫೋನು ಒಯ್ಯುವಂತಿಲ್ಲ. ಸ್ಟ್ರೆಚರಿನ ಮೇಲೆ ಒಳಗೆ ಹೋಗುವ ಮೊದಲು ಅಪ್ಪ ಅತ್ತಿಗೆಗೆ ಹೇಳಿದ ಮಾತು ಒಂದೇ: ‘ಆಟ ಮುಗಿಯೂತನಕ ಅವಗ ಹೇಳಬ್ಯಾಡ.’ ಪಂದ್ಯ ಮುಗಿದು, ಹೋಟೆಲು ಸೇರಿ ಫೋನು ಕೈಗೆತ್ತಿಕೊಂಡಾಗ ಹತ್ತೂವರೆ ದಾಟಿತ್ತು. ಅತ್ತಿಗೆ ಕರೆ ಮಾಡಿ ಮೊದಲು ಕೇಳಿದ್ದು, ‘ಊಟ ಆತೇನು?’ ಇನ್ನೂ ಇಲ್ಲ ಎಂದೆ. ‘ಮೊದಲ ಎರಡು ತುತ್ತು ಉಣ್ಣು, ಆಮ್ಯಾಲೆ ಮಾತಾಡೋಣು’ ಎಂದು ಇಟ್ಟುಬಿಟ್ಟರು. ಅವರ ದನಿಯಲ್ಲಿ ಏನೂ ಗೊತ್ತಾಗಲಿಲ್ಲ. ನಾನು ಉಂಡೆ. ಮತ್ತೆ ಕರೆ ಮಾಡಿದಾಗ ಒಂದೂ ಮುಚ್ಚಿಡದೆ, ವೈದ್ಯರು ಹೇಳಿದ್ದನ್ನು ಹೇಳಿದ ಹಾಗೆಯೇ, ನಿಧಾನವಾಗಿ ಹೇಳಿದರು. ಕಡೆಗೆ, ‘ನಿನಗ ಬರಾಕ ಆದ್ರ ಬಾ. ಆಗಲಿಲ್ಲಂದ್ರ ನಾ ಅದೀನಿ, ನಾ ಎಲ್ಲೂ ಹೋಗಂಗಿಲ್ಲ’ ಎಂದರು.

ತಂಡದ ಮ್ಯಾನೇಜರ್ ಕಾರು ಕಳಿಸಲು ಸಿದ್ಧರಿದ್ದರು, ಅವರಿಗೂ ಇಲ್ಲಿ ನನ್ನ ಕೃತಜ್ಞತೆ ಸಲ್ಲಬೇಕು. ಆದರೆ ಆಗಿನ ಕಟ್ಟುನಿಟ್ಟಿನಲ್ಲಿ ರೋಗಿಯ ಜೊತೆ ಒಬ್ಬರಿಗಷ್ಟೇ ಅವಕಾಶ. ನಾನು ಹೋದರೂ ಗೇಟಿನ ಹೊರಗೆ ನಿಲ್ಲಬೇಕಿತ್ತು, ಇಲ್ಲವೇ ಅತ್ತಿಗೆಯನ್ನು ಹೊರಗೆ ಕಳಿಸಬೇಕಿತ್ತು. ಅಪ್ಪನ ಔಷಧಿಗಳು, ಹಳೆಯ ಚೀಟಿಗಳು, ಅವರಿಗೆ ಯಾವುದು ಒಗ್ಗುತ್ತದೆ ಯಾವುದು ಒಗ್ಗುವುದಿಲ್ಲ ಎಂಬುದೆಲ್ಲ ಗೊತ್ತಿದ್ದವರು ಅವರು. ನನಗೆ ನನ್ನ ಅಪ್ಪನ ರಕ್ತದ ಗುಂಪು ಸಹ ಗೊತ್ತಿರಲಿಲ್ಲ. ಹೀಗಾಗಿ ಅವರು ಅಲ್ಲಿ ಉಳಿದರು, ನಾನು ಇಲ್ಲಿ ಉಳಿದೆ, ನಡುವೆ ಫೋನು ಬೆಳಗಿನವರೆಗೂ ತೆರೆದೇ ಇತ್ತು. ರಕ್ತ ಬೇಕೆಂದಾಗ ನನ್ನ ಓಣಿಯ ಗೆಳೆಯರಿಗೆ ಅವರೇ ಒಬ್ಬೊಬ್ಬರಿಗೆ ಕರೆ ಮಾಡಿದರು. ನಡುರಾತ್ರಿಯಲ್ಲಿ ಬೈಕುಗಳ ಮೇಲೆ ವಾಸ್ಕೊದಿಂದ ಬಂದು ತೋಳು ಚಾಚಿದ ಆ ಹುಡುಗರಿಗೆ ನಾನು ಏನು ಹೇಳಿದರೂ ಕಡಿಮೆ. ಅತ್ತಿಗೆ ಮಾತ್ರ ವರಾಂಡದ ಬೆಂಚಿನ ಮೇಲೆ, ಸೆರಗನ್ನು ತಲೆಗೆ ಹೊದ್ದು, ಮಡಿಲಲ್ಲಿ ಚೀಟಿಗಳ ಪ್ಲಾಸ್ಟಿಕ್ ಚೀಲ ಇಟ್ಟುಕೊಂಡು ಕೂತಿದ್ದರು. ಒಳಗೆ ಹೋಗಿ ನೋಡಿ ಬರುವರು, ಬಂದು ನನಗೆ ಹೇಳುವರು, ಮತ್ತೆ ಹೋಗುವರು.

ಅವರು ಒಳಗೆ ಹೋಗದ ಹೊತ್ತಿನಲ್ಲಿ ನಾವು ಮಾತಾಡಿದೆವು. ಬಹುಶಃ ನನಗೆ ಧೈರ್ಯ ಬರಲಿ ಎಂದು ಅವರು ಅಪ್ಪನ ವಿಚಾರ ತೆಗೆದರು. 2012ರಲ್ಲಿ ಯಾರ್ಡಿನ ಕೆಲಸ ಹೋದ ಮೇಲೆ ಅಪ್ಪ ಚಿಕಾಳಿಂ ಕಡೆ ಏಳುತ್ತಿದ್ದ ಕಟ್ಟಡವೊಂದಕ್ಕೆ ರಾತ್ರಿ ಕಾವಲಿಗೆ ಸೇರಿಕೊಂಡಿದ್ದರಂತೆ. ನನಗೆ ತಿಳಿದರೆ ಆಟ ಬಿಟ್ಟು ಬಂದು ಎಲ್ಲಾದರೂ ಕೆಲಸಕ್ಕೆ ನಿಲ್ಲುತ್ತೇನೆಂದು ಹೆದರಿ, ಯಾರೂ ಹೇಳಬಾರದೆಂದು ಮನೆಯಲ್ಲಿ ಆಣೆ ಹಾಕಿಸಿದ್ದರಂತೆ. ಆ ವರ್ಷಗಳಲ್ಲಿ ಸಂಜೆ ನಾನು ಕರೆ ಮಾಡಿದಾಗಲೆಲ್ಲ ಅಪ್ಪ, ‘ಭಜನಿಗೆ ಹೊಂಟೀನಿ, ಅವ್ವನ ಕೂಡ ಮಾತಾಡು’ ಎಂದು ಫೋನು ದಾಟಿಸುತ್ತಿದ್ದರು. ವಯಸ್ಸಾದಂತೆ ಅಪ್ಪನಿಗೆ ದೇವರಲ್ಲಿ ಭಕ್ತಿ ಬಂದಿದೆ ಎಂದು ನಾನು ಸಂತೋಷಪಟ್ಟಿದ್ದೆ, ಗೆಳೆಯರಿಗೂ ಹೇಳಿದ್ದೆ. ಅವರು ಹೊರಟಿದ್ದದ್ದು ಬುತ್ತಿ, ಟಾರ್ಚು, ಕೊಡೆ ಹಿಡಿದು ಕಾವಲಿಗೆ. ಬುತ್ತಿ ಕಟ್ಟಿದವರು ಅತ್ತಿಗೆ. ಮಳೆ ಜೋರಾದ ರಾತ್ರಿಗಳಲ್ಲಿ ಒಣ ಪಂಚೆ ಒಯ್ದು ಕೊಟ್ಟು ಬಂದವರೂ ಅವರೇ.

ಅದನ್ನು ಕೇಳಿ ನಾನು ಸ್ನಾನದ ಮನೆಗೆ ಹೋಗಿ, ಪಕ್ಕದ ಕೋಣೆಯವರಿಗೆ ಕೇಳಬಾರದೆಂದು ನಲ್ಲಿ ಬಿಟ್ಟುಕೊಂಡು ಅತ್ತೆ. ಇಂದಿಗೂ ಅದನ್ನು ಬರೆಯುವಾಗ ಕೈ ನಿಲ್ಲುತ್ತದೆ. ಅಪ್ಪನ ಬಗ್ಗೆ ನನಗೆ ಗೊತ್ತಿದ್ದದ್ದೆಲ್ಲ ಫೋನಿನ ಅಪ್ಪನ ಬಗ್ಗೆ. ಅಂದು ಆ ಮನುಷ್ಯ ಬದುಕಿ ಬರದೇ ಹೋಗಿದ್ದರೆ ನಾನು ಯಾರನ್ನು ಕಳೆದುಕೊಂಡೆನೆಂಬುದೂ ನನಗೆ ತಿಳಿಯುತ್ತಿರಲಿಲ್ಲ. ನಲ್ಲಿಯ ಸದ್ದು ಫೋನಿನಲ್ಲಿ ಕೇಳಿಸಿರಬೇಕು. ಅತ್ತಿಗೆ ಏನೂ ಹೇಳಲಿಲ್ಲ, ಕರೆ ಕತ್ತರಿಸಲೂ ಇಲ್ಲ. ನಾನು ವಾಪಸು ಬಂದು ಕೂತಾಗ, ‘ಈಗ ನೋಡಿ ಬಂದೆ, ಉಸಿರು ಸಮ ಐತಿ’ ಎಂದರು. ಬೆಳಕು ಹರಿಯುವ ಮುಂಚೆ ವೈದ್ಯರು ಹೊರಬಂದು ಅಪಾಯ ದಾಟಿದ್ದಾರೆಂದು ಅವರಿಗೆ ಹೇಳಿದ್ದನ್ನು ನಾನು ನನ್ನ ಕಿವಿಯಿಂದಲೇ ಕೇಳಿದೆ. ಆ ವೈದ್ಯರಿಗೆ, ದಾದಿಯರಿಗೆ, ಅತ್ತಿಗೆಗೆ ಎರಡು ಸಲ ಚಹಾ ತಂದುಕೊಟ್ಟ ವಾರ್ಡಿನ ಸಿಬ್ಬಂದಿಗೆ ನಮ್ಮ ಮನೆತನ ಯಾವತ್ತಿಗೂ ಋಣಿ.

ತಮ್ಮ ವಿಚಾರವನ್ನು ಮಾತ್ರ ಅತ್ತಿಗೆ ಆ ರಾತ್ರಿಯೂ ಹೇಳಲಿಲ್ಲ. ಅದನ್ನು ಹೇಳಿದವರು ಅಪ್ಪ, ಮನೆಗೆ ಬಂದು ಚೇತರಿಸಿಕೊಂಡ ಮೇಲೆ. 2016ರಲ್ಲಿ ನನಗೆ ಕ್ಲಬ್ಬಿಲ್ಲದೆ, ಒಬ್ಬನೇ ಅಭ್ಯಾಸ ಮಾಡಿಕೊಂಡು ಪುಣೆಯಲ್ಲಿ ಗೆಳೆಯನ ಕೋಣೆಯಲ್ಲಿದ್ದಾಗ ತಿಂಗಳು ತಿಂಗಳು ನನ್ನ ಖಾತೆಗೆ ಬೀಳುತ್ತಿದ್ದ ಹಣ ಅಣ್ಣನ ಸಂಬಳದ್ದೆಂದು ನಾನು ತಿಳಿದಿದ್ದೆ. ಕುವೈತಿನಲ್ಲಿ ಆ ವರ್ಷ ಅಣ್ಣನಿಗೆ ಸಂಬಳವೇ ಸರಿಯಾಗಿ ಬಂದಿರಲಿಲ್ಲ. ಅದು ಅತ್ತಿಗೆಯ ಹೊಲಿಗೆ ಯಂತ್ರದ ದುಡಿಮೆ: ರವಿಕೆಗಳು, ಶಾಲೆಯ ಸಮವಸ್ತ್ರಗಳು, ಫಾಲ್ ಹಚ್ಚಿದ ಸೀರೆಗಳು. ಆಟಗಾರನ ಊಟದಲ್ಲಿ ಮೊಟ್ಟೆ, ಹಾಲು, ಹಣ್ಣು ತಪ್ಪಬಾರದೆಂದು ಯಾರೋ ಅವರಿಗೆ ಹೇಳಿದ್ದರಂತೆ. ಅಷ್ಟಕ್ಕೆ ಎಷ್ಟಾಗುತ್ತದೆಂದು ಮಗಳ ನೋಟುಬುಕ್ಕಿನ ಹಿಂದಿನ ಹಾಳೆಯಲ್ಲಿ ಲೆಕ್ಕ ಹಾಕಿ ಕಳಿಸುತ್ತಿದ್ದರಂತೆ. ಮರುವರ್ಷ ನನಗೆ ಒಪ್ಪಂದ ಸಿಕ್ಕಾಗ, ಪತ್ರಿಕೆಯೊಂದು ನನ್ನ ಪುನರಾಗಮನ ಎಂದು ಬರೆಯಿತು. ಅದಕ್ಕೆ ಬಂಡವಾಳ ಹಾಕಿದವರು ಯಾರೆಂದು ಬರೆಯಲು ಆ ಪತ್ರಿಕೆಗೆ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಅಪ್ಪ ಆಮೇಲೆ ಎರಡು ವರ್ಷಕ್ಕೂ ಹೆಚ್ಚು ಕಾಲ ನಮ್ಮ ಜೊತೆಗಿದ್ದರು. ನನ್ನ ಮಗಳನ್ನು ಎತ್ತಿ ಆಡಿಸಿದರು. 2023ರ ಮಾರ್ಚಿನಲ್ಲಿ ದೂರದ ರಿಯಾದ್‌ನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3-2ರಿಂದ ಸೋಲಿಸಿ, ಹಿಂದೆ ಮೈಸೂರು ಎಂಬ ಹೆಸರಿನಲ್ಲಿ ಗೆದ್ದಿದ್ದ, ರಾಜ್ಯ ತಂಡಗಳ ಸಂತೋಷ್ ಟ್ರೋಫಿಯನ್ನು 54 ವರ್ಷಗಳ ನಂತರ ಮತ್ತೆ ಗೆದ್ದಾಗ, ಫೋನಿನ ಚಿಕ್ಕ ಪರದೆಯಲ್ಲಿ ಇಡೀ ಪಂದ್ಯ ನೋಡಿ ಓಣಿಗೆಲ್ಲ ಪೇಢೆ ಹಂಚಿದರು. ಮಗ ಗೋವಾದ ಆಟಗಾರ, ತಾನು ಕೊಪ್ಪಳದ ಮನುಷ್ಯ, ಎರಡರಲ್ಲೂ ಅವರಿಗೆ ಅಭಿಮಾನವಿತ್ತು. ಆ ಮಳೆಗಾಲದಲ್ಲೇ ತೀರಿಕೊಂಡರು. ಆಗ ನಾನು ಮನೆಯಲ್ಲಿದ್ದೆ, ಹೆಗಲು ಕೊಟ್ಟೆ.

ನನ್ನ ಹೆಂಡತಿಗೆ ಕೃತಜ್ಞತೆ ಹೇಳಲು ಬೇರೆಯೇ ಬರಹ ಬೇಕು, ಅದನ್ನು ಅವಳೊಬ್ಬಳಿಗೇ ಬರೆಯುತ್ತೇನೆ. ಇಲ್ಲಿ ಇಷ್ಟು ಸಾಕು: ನಮ್ಮ ಮಗಳ ಲಸಿಕೆಯ ಕಾರ್ಡಿನಲ್ಲಿ ಮೂರು ಊರುಗಳ ಮೊಹರುಗಳಿವೆ, ಒಂದು ತಾರೀಖೂ ತಪ್ಪಿಲ್ಲ. ಅಣ್ಣ ಈಗ ವಾಪಸು ಬಂದಿದ್ದಾನೆ. ಮರುಭೂಮಿಯ ಬಿಸಿಲಿನಲ್ಲಿ ಅವನು ಕಳೆದ ವರ್ಷಗಳಿಗೆ ನನ್ನಲ್ಲಿ ಮಾತಿಲ್ಲ. ಅವ್ವ ಚೆನ್ನಾಗಿದ್ದಾಳೆ, ಮೊಮ್ಮಗಳಿಗೆ ಚೆಂಡು ಉರುಳಿಸುತ್ತಾಳೆ.

ಜೂನ್ ತಿಂಗಳಿನಿಂದ ನಾನು ವಾಸ್ಕೊದಲ್ಲೇ ಇದ್ದು ಓಣಿಯ ಮಕ್ಕಳಿಗೆ ತರಬೇತಿ ಕೊಡಲು ಆರಂಭಿಸುತ್ತೇನೆ. ಅದಕ್ಕೆ ಮೊದಲು, ಬರುವ ಭಾನುವಾರ ಮಧ್ಯಾಹ್ನ ನಮ್ಮ ಮನೆಯಲ್ಲಿ ಎಲ್ಲರಿಗೂ ಊಟವಿದೆ: ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಮತ್ತು ನಮ್ಮ ಗೋಲ್‌ಕೀಪರನ ತಾಯಿಯವರು ಮಾಡಿ ತರುತ್ತೇನೆಂದ ಮೀನಿನ ಸಾರು. ದಯವಿಟ್ಟು ಉಡುಗೊರೆ ತರಬೇಡಿ. ಈ ಬರಹವನ್ನು ಮೊದಲು ಅತ್ತಿಗೆಗೆ ಓದಿ ಹೇಳಿದೆ. ತಮ್ಮ ಹೆಸರಾಗಲಿ ಫೋಟೋ ಆಗಲಿ ಎಲ್ಲೂ ಬರಬಾರದು ಎಂಬ ಷರತ್ತಿನ ಮೇಲೆ ಒಪ್ಪಿಕೊಂಡರು. ಬಂದವರು ಅವರ ಜೊತೆ ಫೋಟೋ ಕೇಳಬೇಡಿ. ಆದರೆ ಅಡುಗೆಮನೆಯ ಬಾಗಿಲಿಗೆ ಹೋಗಿ ಒಂದು ಮಾತಾಡಿಸಿ ಬನ್ನಿ. ರೈಲಿನಲ್ಲಿ ಬರುವವರು ನನಗೆ ಮೊದಲೇ ತಿಳಿಸಿದರೆ ನಿಲ್ದಾಣಕ್ಕೆ ಬಂದು ಕರೆದುಕೊಂಡು ಹೋಗುತ್ತೇನೆ.